ಕಟ್ಟೆಗೆ ಕಿವಿಗೊಟ್ಟ ಯಂತ್ರ

ಜನ ಸುಮ್ಮನೆ ಹೊತ್ತು ಹೋಗಲೆಂದು ಆಡುವ ಮಾತನ್ನೆಲ್ಲ ನಗರಸಭೆ ಕೇಳಿಸಿಕೊಂಡು, ಅದರಂತೆಯೇ ನಡೆದುಕೊಳ್ಳಲು ಶುರುಮಾಡಿದರೆ ಊರಿನ ಗತಿ ಏನಾದೀತು? ಬೇರೆ ಊರಿನವರು ಈ ಪ್ರಶ್ನೆ ಕೇಳಿಕೊಂಡು, ನಕ್ಕು ಸುಮ್ಮನಾಗುತ್ತಿದ್ದರೇನೋ. ಚಂದನಕೆರೆಯವರು ಮಾಡಿಯೇ ನೋಡಿದರು.

ಅದಕ್ಕೆ ಕಾರಣವೂ ಇತ್ತೆನ್ನಿ. ಚಂದನಕೆರೆಯಲ್ಲಿ ವಾರ್ಡ್ ಸಭೆ ಕರೆದರೆ ಮೈಕಿನವನು, ಶಾಮಿಯಾನದವನು ಬಿಟ್ಟರೆ ಮತ್ತೊಂದು ನರಪಿಳ್ಳೆ ಬರುತ್ತಿರಲಿಲ್ಲ. ನಿಮ್ಮ ಅಭಿಪ್ರಾಯ ತಿಳಿಸಿ ಎಂದು ಮೊಬೈಲಿಗೆ ಸಂದೇಶ ಕಳಿಸಿದರೆ ಯಾರೂ ತೆರೆದು ನೋಡುತ್ತಿರಲಿಲ್ಲ. ಅದೇ ಜನ ಟೀ ಅಂಗಡಿಯಲ್ಲೋ ಸಲೂನಿನಲ್ಲೋ ಕೂತರೆ ಮುಗಿಯಿತು. ಕಂಪ್ಯೂಟರಿಗೆ ಬುದ್ಧಿ ಬಂದದ್ದು ಒಳ್ಳೆಯದೋ ಕೆಟ್ಟದ್ದೋ, ಅಮೆರಿಕದ ಚುನಾವಣೆಯಲ್ಲಿ ಯಾರು ಗೆಲ್ಲಬೇಕಿತ್ತು, ಚಂದ್ರನ ಮೇಲೆ ನೀರು ಹುಡುಕುವವರಿಗೆ ನಮ್ಮ ಮೂರನೇ ಅಡ್ಡರಸ್ತೆಗೆ ನೀರು ಬಿಡೋಕೆ ಏನು ಧಾಡಿ, ಹೀಗೆ ಅವರು ತೀರ್ಪು ಕೊಡದ ವಿಷಯವೇ ಇರಲಿಲ್ಲ. ಇಷ್ಟೊಂದು ಅಭಿಪ್ರಾಯ ದಿನಬೆಳಗಾದರೆ ಗಾಳಿಗೆ ಹೋಗುತ್ತಿದೆಯಲ್ಲಾ ಎಂದು ಹೊಟ್ಟೆ ಉರಿದುಕೊಂಡವಳು ವಾರಿಜಾ. ನಗರಸಭೆಯ ಕಂಪ್ಯೂಟರ್ ವಿಭಾಗದ ಎಂಜಿನಿಯರ್. ಅವಳು ತಲೆ ಕೆಡಿಸಿಕೊಂಡು ಕಟ್ಟಿದ ಯಂತ್ರಕ್ಕೆ 'ಕಿವಿ' ಎಂದು ಹೆಸರಿಟ್ಟಳು.

ಕಿವಿ ಎಂದರೆ ಬೀದಿದೀಪದ ಕಂಬಕ್ಕೆ ಕಟ್ಟಿದ ಒಂದು ಪುಟ್ಟ ಡಬ್ಬಿ. ಕೆಳಗೆ ಕೂತವರ ಮಾತು ಅದಕ್ಕೆ ಕೇಳಿಸುತ್ತದೆ. ಆದರೆ ಯಾರು ಆಡಿದರು, ಅದು ಯಾರ ದನಿ ಎಂಬುದನ್ನು ಅದು ಅಲ್ಲೇ ಅಳಿಸಿಹಾಕುತ್ತದೆ. ಮನೆ ವಿಷಯ, ಮದುವೆ ವಿಷಯ ಬಂದರೆ ಕಿವುಡಾಗುತ್ತದೆ. ಉಳಿದದ್ದರಲ್ಲಿ ಮೂರೇ ಸಂಗತಿ ಆರಿಸಿಕೊಂಡು ಕಂಟ್ರೋಲ್ ರೂಮಿಗೆ ಕಳಿಸುತ್ತದೆ: ಮಾತು ಯಾವುದರ ಬಗ್ಗೆ, ಪರವೋ ವಿರೋಧವೋ, ಮಾತಿಗೆ ಎಷ್ಟು ಬಿಸಿ ಇದೆ. ಈ ಬಿಸಿ ಅಳೆಯುವುದನ್ನು ಕಲಿಸಲು ವಾರಿಜಾ ತಿಂಗಳುಗಟ್ಟಲೆ ಸಂತೆಯ ಚೌಕಾಸಿ ಮಾತನ್ನು ಅದಕ್ಕೆ ಕೇಳಿಸಿದ್ದಳು. ಮನಸ್ಸಿನಿಂದ ಮಾತಾಡುವವರು ದನಿ ಏರಿಸುತ್ತಾರೆ, ಮಧ್ಯೆ ಬಾಯಿ ಹಾಕುತ್ತಾರೆ, ಅರ್ಧ ವಾಕ್ಯಕ್ಕೇ ಇನ್ನೊಂದು ವಾಕ್ಯ ಶುರುಮಾಡುತ್ತಾರೆ. ನುಣ್ಣಗೆ, ಪೂರ್ತಿ ವಾಕ್ಯದಲ್ಲಿ ಹೊಗಳುವವರು ಏನನ್ನೋ ಮಾರಲು ಬಂದವರು. ಅದನ್ನು ಕಿವಿ 'ಮಾರಾಟದ ಮಾತು' ಎಂದು ಪಕ್ಕಕ್ಕೆ ತಳ್ಳುತ್ತಿತ್ತು. ಉಳಿದದ್ದನ್ನು ಕೂಡಿಸಿ, ನಗರಸಭೆ ಏನು ಮಾಡಬೇಕೆಂದು ಸಲಹೆ ಕೊಡುತ್ತಿತ್ತು.

ಮೊದಮೊದಲು ಜನ ಮೂಗು ಮುರಿದರು. ಆಮೇಲೆ ನೋಡಿದರೆ, ದೂರು ಕೊಡದೆಯೇ ರಸ್ತೆಯ ಗುಂಡಿಗಳು ಮುಚ್ಚಿದವು. ಕಾಲೇಜು ಬಿಡುವ ಹೊತ್ತಿಗೆ ಸರಿಯಾಗಿ ಬಸ್ಸು ಬರತೊಡಗಿತು. ಚಂದನಕೆರೆಯವರು ಬಲು ಬೇಗ ಚುರುಕಾದರು. ಹೆಂಗಸರು ತರಕಾರಿ ಚೀಲ ಹಿಡಿದು ಕಂಬದ ಬುಡದಲ್ಲಿ ನಿಂತು, "ಅಲ್ಲ ಕಣ್ರೀ, ನಮ್ ಬೀದೀಲಿ ಕಸದ ಗಾಡಿ ಹಿಂಗೆ ಬಂದು ಹಂಗೆ ಹೋಗ್ಬಿಡುತ್ತಲ್ಲ, ಮನುಷ್ರು ಡಬ್ಬ ಹಿಡ್ಕೊಂಡು ಓಡ್ಬೇಕಾ?" ಎಂದು ಡಬ್ಬಿಗೆ ಮುಖ ಮಾಡಿ ಹೇಳುವುದು ವಾಡಿಕೆಯಾಯಿತು. ಒಬ್ಬ ನಗರಸಭಾ ಸದಸ್ಯರಂತೂ ಸಿಹಿ ಪೊಟ್ಟಣ ಹಿಡಿದು ಕಂಟ್ರೋಲ್ ರೂಮಿಗೇ ಬಂದು, ತಮ್ಮ ಬೀದಿಯ ದೀಪದ ಮಾತಿಗೆ ಒಂಚೂರು ಬಿಸಿ ಹೆಚ್ಚಿಸಬಹುದೇ ಎಂದು ಕೇಳಿದರು. ವಾರಿಜಾ ಪೊಟ್ಟಣವನ್ನು ವಾಪಸು ಕೊಟ್ಟು, ಅಂದೇ ಒಂದು ನಿಯಮ ಬರೆಸಿದಳು: ಕಿವಿಯ ಲೆಕ್ಕವನ್ನು ಯಾರೂ ಕೈಯಿಂದ ಮುಟ್ಟುವಂತಿಲ್ಲ, ಎಂಜಿನಿಯರ್ ಕೂಡ.

ಇಷ್ಟೆಲ್ಲ ಹೆಸರು ಮಾಡಿದವಳಿಗೆ ಮನೆಯಲ್ಲಿ ಒಂದು ಸಣ್ಣ ಕೊರಗು ಇತ್ತು. ಅವಳ ಮಾವ ಪರಮಶಿವಯ್ಯನವರು ಒಂದು ಕಾಲದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದವರು. ಅರ್ಧ ಊರಿನ ಗುಮಾಸ್ತರಿಗೆ ಅವರೇ ಗುರು. ಕಂಪ್ಯೂಟರ್ ಬಂದು ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿಸಿತು. ಹಾಗಾಗಿ ಕಂಪ್ಯೂಟರಿನ ಬಗ್ಗೆ ಅವರಿಗೆ ಮೂಟೆಗಟ್ಟಲೆ ಅಭಿಪ್ರಾಯಗಳಿದ್ದವು. ಆದರೆ ಅವೆಲ್ಲ ಹೊರಗೆ. ಸೊಸೆ ತನ್ನ ಯಂತ್ರದ ಬಗ್ಗೆ ಏನೇ ಹೇಳಿದರೂ, "ಒಳ್ಳೇ ಕೆಲಸಮ್ಮ, ಒಳ್ಳೇ ಕೆಲಸ" ಎಂದು ಪೇಪರಿನ ಪುಟ ತಿರುಗಿಸುತ್ತಿದ್ದರು. ಸಿಲಿಂಡರ್ ತಂದವನಿಗೂ ಅವರು ಅದನ್ನೇ ಹೇಳುತ್ತಿದ್ದರು. ಮದುವೆಯಾಗಿ ಎಂಟು ವರ್ಷವಾದರೂ ಮಾವ ತನ್ನನ್ನು ನೆಂಟರ ಹಾಗೆ ನೋಡುತ್ತಾರಲ್ಲ ಎಂದು ವಾರಿಜಾಳಿಗೆ ಬೇಸರವಾಗುತ್ತಿತ್ತು.

ಪರಮಶಿವಯ್ಯನವರ ನಿಜವಾದ ಮಾತುಕತೆ ನಡೆಯುತ್ತಿದ್ದದ್ದು ಎರಡನೇ ಅಡ್ಡರಸ್ತೆಯ ವಾಚನಾಲಯದ ಮುಂದಿನ ಕಲ್ಲುಕಟ್ಟೆಯ ಮೇಲೆ. ಅದು ನಗರಸಭೆಯದೇ ವಾಚನಾಲಯ. ಒಂದು ಕೋಣೆ, ಒಂದು ಉದ್ದ ಮೇಜು, ಒಂದು ಫ್ಯಾನು. ಸಂಜೆ ಅಲ್ಲಿ ನಾಲ್ಕು ಜನ ಪೇಪರ್ ಓದಿ ಹೊರಬಂದು ಕಟ್ಟೆ ಹತ್ತುತ್ತಿದ್ದರು. ಪರಮಶಿವಯ್ಯನವರು, ವಾಚ್ ರಿಪೇರಿಯ ವಹಾಬ್ ಸಾಬರು, ನಿವೃತ್ತ ಗಣಿತದ ಟೀಚರ್ ಫಿಲೋಮಿನಾ, ಮತ್ತೆ ಬಸ್ ಕಂಡಕ್ಟರಾಗಿದ್ದ ಚೌಡಪ್ಪ. ಆ ಕಟ್ಟೆಗೆ ಒಂದು ಕಾನೂನಿತ್ತು. ಒಬ್ಬರ ಮಾತಿಗೆ ಇನ್ನೊಬ್ಬರು ಒಪ್ಪಿಬಿಟ್ಟರೆ, ಒಪ್ಪಿದವರು ಎದ್ದು ಎದುರಿನ ಹೋಟೆಲಿನಿಂದ ಎಲ್ಲರಿಗೂ ಕಾಫಿ ತರಬೇಕು. ಕಾಫಿ ತರುವುದು ದೊಡ್ಡ ಶಿಕ್ಷೆಯೇನಲ್ಲ. ತರಲು ಹೋದಾಗ ಮಾತು ತಪ್ಪಿಹೋಗುತ್ತದಲ್ಲ, ಅದೇ ಶಿಕ್ಷೆ. ಹಾಗಾಗಿ ಆ ಕಟ್ಟೆಯ ಮೇಲೆ ಯಾರೂ ಯಾವುದನ್ನೂ ಒಪ್ಪುತ್ತಿರಲಿಲ್ಲ. ಒಬ್ಬರು ಇಂದು ಸೆಖೆ ಎಂದರೆ ಇನ್ನೊಬ್ಬರು ಸ್ವೆಟರ್ ತರಬೇಕಿತ್ತು ಎನ್ನುತ್ತಿದ್ದರು.

ಕಟ್ಟೆಯ ಪಕ್ಕದಲ್ಲೂ ಒಂದು ದೀಪದ ಕಂಬ ಇತ್ತು.

ಗುರುವಾರ ಬೆಳಿಗ್ಗೆ ವಾರಿಜಾ ಕಂಟ್ರೋಲ್ ರೂಮಿಗೆ ಬರುವಷ್ಟರಲ್ಲಿ, ಆಪರೇಟರ್ ಚಿದಂಬರ ಪರದೆಯ ಮುಂದೆ ತಲೆ ಕೆರೆದುಕೊಳ್ಳುತ್ತಿದ್ದ.

"ಮೇಡಂ, ನಮ್ಮೂರೋರಿಗೆ ವಾಚನಾಲಯ ಕಂಡ್ರೆ ಇಷ್ಟೊಂದು ಸಿಟ್ಟಿದೆ ಅಂತ ಗೊತ್ತೇ ಇರ್ಲಿಲ್ಲ. ನೋಡಿ ಇಲ್ಲಿ."

ಪರದೆಯ ಮೇಲೆ ಎರಡನೇ ಅಡ್ಡರಸ್ತೆ ಕೆಂಪಗೆ ಉರಿಯುತ್ತಿತ್ತು. ವಾಚನಾಲಯ: ವಿರೋಧ. ಬಿಸಿ: ಊರಿನಲ್ಲೇ ಅತಿ ಹೆಚ್ಚು. ಫ್ಯಾನ್ ಸದ್ದು, ವಿರೋಧ. ಕುರ್ಚಿಯ ಕಾಲು, ವಿರೋಧ. ಪೇಪರ್ ತಡವಾಗಿ ಬರುವುದು, ವಿರೋಧ. ಕೆಳಗೆ ಕಿವಿಯ ಸಲಹೆ: ವಾಚನಾಲಯ ಮುಚ್ಚಿ, ಆ ಜಾಗದಲ್ಲಿ ವಾಹನಗಳ ಬ್ಯಾಟರಿ ಚಾರ್ಜ್ ಮಾಡುವ ಕೇಂದ್ರ ತೆರೆಯುವುದು. ಶನಿವಾರದ ಸಾಮಾನ್ಯ ಸಭೆಗೆ ವಿಷಯ ಆಗಲೇ ಹೋಗಿಯೂ ಆಗಿತ್ತು. ಕಿವಿಯ ಸಲಹೆಯನ್ನು ಸಭೆ ಇದುವರೆಗೆ ತಳ್ಳಿಹಾಕಿದ್ದೇ ಇಲ್ಲ.

"ಯಾವ ಕಂಬದಿಂದ ಬಂದಿದೆ ಇದು?" ಎಂದಳು ವಾರಿಜಾ, ಉತ್ತರ ಗೊತ್ತಿದ್ದೂ.

"ಒಂದೇ ಕಂಬ ಮೇಡಂ. ಕಟ್ಟೆ ಹತ್ರದ್ದು. ದಿನಾ ಸಂಜೆ ಕುಕ್ಕರ್ ಕೂಗಿದ ಹಾಗೆ ಕೂಗುತ್ತೆ."

ವಾರಿಜಾ ಆ ಕೆಂಪು ಸಾಲುಗಳನ್ನು ಮತ್ತೊಮ್ಮೆ ಓದಿದಳು. ಮಾವನವರು ಮಾತ್ರೆ ಮರೆತರೂ ವಾಚನಾಲಯ ಮರೆತವರಲ್ಲ. ಅದನ್ನು ಮುಚ್ಚಿಸಲು ಹೊರಟಿರುವುದು ತಾನೇ ಕಟ್ಟಿದ ಯಂತ್ರ, ಅದಕ್ಕೆ ಕಾರಣ ಮಾವನವರದೇ ಬಾಯಿ.

ಸಂಜೆ ಮನೆಗೆ ಬಂದು ವಿಷಯ ಹೇಳಿದಳು. ಪರಮಶಿವಯ್ಯನವರು ಕೈಯಲ್ಲಿದ್ದ ಲೋಟವನ್ನು ಹಾಗೇ ಕೆಳಗಿಟ್ಟರು.

"ಮುಚ್ತಾರೆ ಅಂದ್ರೆ? ನಾವೇನು ಮುಚ್ಚಿ ಅಂದ್ವಾ?"

"ಮುಚ್ಚಿ ಅಂತ ಅನ್ಲಿಲ್ಲ ಮಾವ. ಆದ್ರೆ ಒಂದು ವರ್ಷದಿಂದ ಒಂದು ದಿನಾನೂ ಚೆನ್ನಾಗಿದೆ ಅಂತ್ಲೂ ಅನ್ಲಿಲ್ಲ."

"ಚೆನ್ನಾಗಿದೆ ಅಂದ್ರೆ ಕಾಫಿ ತರ್ಬೇಕಲ್ಲಮ್ಮ." ಅವರು ಕಾನೂನನ್ನು ವಿವರಿಸಿದರು. ವಾರಿಜಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿದರು. "ನೀನೇ ಮಾಡಿದ ಮಿಷನ್ ತಾನೆ? ಒಳಗೆ ಏನಾದ್ರೂ ಒಂಚೂರು ಆಕಡೆ ಈಕಡೆ ಮಾಡಕ್ಕಾಗಲ್ವಾ?"

"ಆಗುತ್ತೆ ಮಾವ. ಆದ್ರೆ ನಾನು ಮಾಡಲ್ಲ. ಇವತ್ತು ನಿಮಗೋಸ್ಕರ ಮಾಡಿದ್ರೆ ನಾಳೆ ಆ ಸ್ವೀಟ್ ತಂದಿದ್ರಲ್ಲ, ಅವ್ರಿಗೆ ಯಾವ ಮುಖ ಇಟ್ಕೊಂಡು ಬೇಡ ಅನ್ಲಿ?"

ಪರಮಶಿವಯ್ಯನವರು "ಒಳ್ಳೇ ಕೆಲಸಮ್ಮ" ಎಂದು ಎದ್ದು ತಮ್ಮ ಕೋಣೆಗೆ ಹೋದರು. ಬೈದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಗಂಡ ಶಿವಪ್ರಕಾಶ ಅಡಿಗೆಮನೆಯಿಂದ ಇಣುಕಿ, "ಏನಂತೆ ಅಪ್ಪಂಗೆ?" ಎಂದ. "ಏನಿಲ್ಲ ಬಿಡಿ" ಎಂದಳು.

ಶುಕ್ರವಾರ ಸಂಜೆ ಕಂಟ್ರೋಲ್ ರೂಮಿನಲ್ಲಿ ಚಿದಂಬರ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಟ್ಟೆಯ ಕಂಬದಿಂದ ಹೊಸ ಮಾತು ಬರುತ್ತಿತ್ತು. ವಾಚನಾಲಯ: ಪರ. ಫ್ಯಾನ್: ಪರ. ಕುರ್ಚಿ: ಪರ. ಪ್ರತಿಯೊಂದರ ಮುಂದೆಯೂ ಕಿವಿ ತನ್ನ ಷರಾ ಬರೆದಿತ್ತು: ಮಾರಾಟದ ಮಾತು, ಲೆಕ್ಕಕ್ಕಿಲ್ಲ.

"ಮೇಡಂ, ಯಾರೋ ಆ ವಾಚನಾಲಯಾನ ಮಾರೋಕೆ ಕೂತಿದ್ದಾರೆ ಅಂತ ತಿಳ್ಕೊಂಡಿದೆ ನಿಮ್ ಕಿವಿ."

ವಾರಿಜಾ ಸ್ಕೂಟರ್ ತೆಗೆದುಕೊಂಡು ನೇರ ಎರಡನೇ ಅಡ್ಡರಸ್ತೆಗೆ ಹೋದಳು. ಎಂಟು ವರ್ಷದಿಂದ ಆ ದಾರಿಯಲ್ಲಿ ಓಡಾಡಿದ್ದಳು, ಕಟ್ಟೆಯ ಹತ್ತಿರ ಒಮ್ಮೆಯೂ ನಿಂತಿರಲಿಲ್ಲ. ನಾಲ್ವರೂ ಗ್ರೂಪ್ ಫೋಟೋಕ್ಕೆ ಕೂತವರ ಹಾಗೆ ಬೆನ್ನು ನೆಟ್ಟಗೆ ಮಾಡಿ ಡಬ್ಬಿಯ ಕಡೆ ತಿರುಗಿ ಕೂತಿದ್ದರು. ಚೌಡಪ್ಪನ ಸರದಿ ನಡೆದಿತ್ತು.

"ಈ ವಾಚನಾಲಯವು ನಮ್ಮ ವಾರ್ಡಿನ ಹೆಮ್ಮೆಯಾಗಿದೆ. ಇಲ್ಲಿನ ಕುರ್ಚಿಗಳು ತುಂಬಾ ಸುಖಕರವಾಗಿವೆ."

"ಸಾಕು ನಿಲ್ಸಿ ಚೌಡಪ್ಪನೋರೆ" ಎಂದಳು ವಾರಿಜಾ. "ನೀವು ಜಾಹೀರಾತು ಮಾಡ್ತಿದೀರ ಅಂದ್ಕೊಂಡಿದೆ ಮಿಷನ್ನು. ಒಂದು ಮಾತೂ ಲೆಕ್ಕಕ್ಕೆ ತಗೊಂಡಿಲ್ಲ."

ಫಿಲೋಮಿನಾ ಟೀಚರ್ ವಹಾಬ್ ಸಾಬರ ಕಡೆ ತಿರುಗಿದರು. "ನಾನು ಹೇಳ್ಲಿಲ್ವಾ? ಇದೆಲ್ಲಾ ಆ ಫ್ಯಾನಿಂದ ಶುರುವಾಗಿದ್ದು. ದಿನಾ ಆ ಫ್ಯಾನ್ ಮೇಲೆ ನಿಮ್ಮ ಗೊಣಗಾಟ."

"ಸದ್ದು ಮಾಡುತ್ತೆ ಅಂದೆ ಟೀಚರಮ್ಮ, ಕಿತ್ತುಹಾಕಿ ಅಂದ್ನಾ?" ವಹಾಬ್ ಸಾಬರ ದನಿ ಏರಿತು. "ದಿನವೆಲ್ಲಾ ಟಿಕ್ ಟಿಕ್ ಟಿಕ್ ಕೇಳಿ ಕೇಳಿ ಬಂದಿರ್ತೀನಿ. ಆ ಫ್ಯಾನ್ ಕಟಕಟ ಅಂದ್ರೇನೇ ನಂಗೆ ಪೇಪರ್ ತಲೆಗೆ ಹೋಗೋದು. ನೀವಲ್ವಾ ಕುರ್ಚಿ ಅಲ್ಲಾಡುತ್ತೆ ಅಂತ ಪ್ರಾಣ ತಿನ್ನೋದು?"

"ಅಲ್ಲಾಡೋದು ನನ್ ಕುರ್ಚಿ. ನಾನು ಅಂತೀನಿ. ಬೇರೆಯವರು ಯಾರು ಅದ್ರಲ್ಲಿ ಕೂತ್ಕೊಳಕ್ಕೆ? ಮೊನ್ನೆ ಚೌಡಪ್ಪ ಕೂತಿದ್ರು, ಎಬ್ಬಿಸ್ದೆ."

"ಎಬ್ಬಿಸೋದು ಅಂದ್ರೆ ಹೆಂಗೆ, ರಟ್ಟೆ ಹಿಡಿದು ಎಳೆದ್ರು" ಎಂದ ಚೌಡಪ್ಪ. ಪರಮಶಿವಯ್ಯನವರು, ತಪ್ಪೆಲ್ಲ ಪೇಪರ್ ತಡವಾಗಿ ಹಾಕುವವನದು, ಬೇಗ ಬಂದಿದ್ದರೆ ಎಲ್ಲರೂ ಬಾಯಿ ಮುಚ್ಚಿಕೊಂಡು ಓದುತ್ತಿದ್ದರು ಎಂದು ಬೇರೆಯದೇ ಜಗಳ ತೆಗೆದರು. ನಾಲ್ವರೂ ಒಟ್ಟಿಗೆ ಮಾತಾಡುತ್ತಿದ್ದರು. ಯಾರ ವಾಕ್ಯವೂ ಪೂರ್ತಿಯಾಗುತ್ತಿರಲಿಲ್ಲ. ಮೇಲೆ ಡಬ್ಬಿಯ ಕೆಂಪು ದೀಪ ಮಿಣಮಿಣ ಮಿನುಗುತ್ತಿತ್ತು.

ವಾರಿಜಾ ಕಟ್ಟೆಯ ತುದಿಯಲ್ಲಿ ಕೂತುಬಿಟ್ಟಳು. ಅವಳಿಗೆ ಸಂತೆ ನೆನಪಾಗಿತ್ತು. ಸಂತೆಯಲ್ಲಿ ಹೆಂಗಸೊಬ್ಬಳು ಬದನೆಕಾಯಿಯನ್ನು ಹಿಡಿದು ಸೊಟ್ಟ, ಹುಳುಕು, ಬಲಿತಿದೆ ಎಂದು ಬಾಯಿಗೆ ಬಂದಂತೆ ಬೈಯುತ್ತಾಳೆ. ಕೊನೆಗೆ ಚೀಲ ಒಡ್ಡುವವಳೂ ಅವಳೇ. ನಿಜವಾಗಿ ಬೇಡದವಳು ಬೈಯುವುದೇ ಇಲ್ಲ, ಸುಮ್ಮನೆ ಮುಂದೆ ಹೋಗುತ್ತಾಳೆ. ತಾನು ಕಿವಿಗೆ ಕೇಳಿಸಿದ್ದು ಬೈಗುಳವನ್ನು ಮಾತ್ರ. ಚೀಲ ಒಡ್ಡಿದ್ದನ್ನು ತೋರಿಸಿಕೊಟ್ಟಿರಲಿಲ್ಲ. ಪಾಪ, ಯಂತ್ರ ಕಲಿಸಿದ್ದನ್ನು ಕಲಿತಿತ್ತು. ಇದನ್ನು ಸರಿಮಾಡಬೇಕಾದರೆ ಮತ್ತೆ ಮೊದಲಿನಿಂದ ಕಲಿಸಬೇಕು, ಅದು ತಿಂಗಳುಗಳ ಕೆಲಸ. ಸಭೆ ಇರುವುದು ನಾಳೆ.

ಉಳಿದದ್ದು ಒಂದೇ ದಾರಿ. ಸಭೆಯಲ್ಲಿ ಎದ್ದು ನಿಂತು, ನನ್ನ ಯಂತ್ರ ತಪ್ಪು ಹೇಳಿದೆ ಎನ್ನುವುದು. ಹಾಗೆಂದರೆ ಕಂಬಗಳಿಂದ ಡಬ್ಬಿಗಳನ್ನೆಲ್ಲ ಬಿಚ್ಚಿಸಿದರೂ ಆಶ್ಚರ್ಯವಿಲ್ಲ. ಅಷ್ಟು ಕಷ್ಟಪಟ್ಟು ಕಟ್ಟಿದ್ದು ನೀರಲ್ಲಿ ಹೋಮವಾಗುತ್ತದೆ. ಅವಳಿಗೆ ನಿಜವಾಗಿಯೂ ಭಯವಾಯಿತು.

"ನಾಳೆ ಸಭೆಗೆ ನೀವೆಲ್ಲ ಬನ್ನಿ" ಎಂದಷ್ಟೇ ಹೇಳಿ ಎದ್ದಳು.

ಶನಿವಾರದ ಸಭೆಯಲ್ಲಿ ವಾಚನಾಲಯದ ವಿಷಯ ಬಂದಾಗ ವಾರಿಜಾ ಎದ್ದು ನಿಂತಳು. ಲೆಕ್ಕ ಸರಿಯಾಗಿದೆ, ಲೆಕ್ಕ ಕಲಿಸಿದ ನಾನು ತಪ್ಪು ಮಾಡಿದ್ದೇನೆ, ಈ ಊರಿನಲ್ಲಿ ಬೈಯುವುದಕ್ಕೂ ಬೇಡವೆನ್ನುವುದಕ್ಕೂ ಇರುವ ಅಂತರ ಈ ಯಂತ್ರಕ್ಕೆ ಇನ್ನೂ ಗೊತ್ತಿಲ್ಲ ಎಂದು ಬಿಡಿಸಿ ಹೇಳಿದಳು.

ಸಿಹಿ ಪೊಟ್ಟಣದ ಸದಸ್ಯರು ಇದಕ್ಕೇ ಕಾದಿದ್ದವರಂತೆ ಎದ್ದರು. "ಹಾಗಾದ್ರೆ ವರ್ಷವೆಲ್ಲಾ ಇದು ಹೇಳಿದ್ದು ತಪ್ಪೇ ಅಂತಾಯ್ತು ಅಧ್ಯಕ್ಷರೇ. ಡಬ್ಬಿ ಎಲ್ಲಾ ಬಿಚ್ಚಿಸಿ."

"ಗುಂಡಿ ಮುಚ್ಚಿದ್ದು ತಪ್ಪಲ್ಲ ಸರ್" ಎಂದಳು ವಾರಿಜಾ. "ಬೈದದ್ದನ್ನ ಸರಿಮಾಡಿ ಅಂತ ಅದು ಹೇಳಿದ್ರೆ ಸರಿಯಾಗೇ ಇರುತ್ತೆ. ಬೈದದ್ದನ್ನ ಮುಚ್ಚಿಬಿಡಿ ಅಂತ ಹೇಳಿದಾಗ ಎಡವುತ್ತೆ. ಈಗ ನೀವೂ ನನ್ನ ಡಬ್ಬಿನ ಬೈತಿದೀರ. ನಿಮ್ಮ ಬೀದಿ ಕಂಬದ್ದು ಬಿಚ್ಚಿಸ್ಲಾ?"

ಸದಸ್ಯರು ಅತ್ತಿತ್ತ ನೋಡಿ, ತಮ್ಮ ಬೀದಿಯದು ಸದ್ಯಕ್ಕೆ ಇರಲಿ ಎಂದು ಕೂತರು. ಸಭೆಯಲ್ಲಿ ನಗು ಎದ್ದಿತು.

ಅಧ್ಯಕ್ಷೆ ಸರ್ವಮಂಗಳಾ ನಗುವನ್ನು ಸೆರಗಿನಲ್ಲಿ ಅಡಗಿಸಿಕೊಂಡು ಹಿಂದಿನ ಸಾಲಿನಲ್ಲಿ ಕೂತಿದ್ದ ಕಟ್ಟೆಯವರನ್ನು ಕರೆದರು. "ಎಂಜಿನಿಯರಮ್ಮ ಹೇಳಿದ್ದು ಕೇಳ್ದೆ. ನೀವೇ ಹೇಳಿ. ಉದ್ದ ಭಾಷಣ ಬೇಡ. ವಾಚನಾಲಯ ಬೇಕೋ ಬೇಡ್ವೋ?"

"ಬೇಕು" ಎಂದರು ಫಿಲೋಮಿನಾ ಟೀಚರ್. "ಮಕ್ಕಳು ಬಂದು ಓದ್ಲಿ ಅಂತ ಬೇಕು."

"ಮಕ್ಕಳು ಎಲ್ಲಿ ಬರ್ತಾವೆ ಟೀಚರಮ್ಮ?" ವಹಾಬ್ ಸಾಬರು ಅಭ್ಯಾಸಬಲದಿಂದ ಬಾಯಿ ಹಾಕಿದರು. "ಬೇಕಾಗಿರೋದು ನಮ್ಮಂಥ ಮುದುಕರಿಗೆ."

"ಯಾರು ಮುದುಕ್ರು? ನೀವಾಗಿರ್ಬೋದು" ಎಂದ ಚೌಡಪ್ಪ. "ಬಸ್ಸಿಗೆ ಕಾಯೋರಿಗೆ ನೆರಳಾಗುತ್ತೆ, ಅದಕ್ಕೆ ಬೇಕು."

"ನೆರಳಿಗೆ ವಾಚನಾಲಯ ಯಾಕೆ, ಶೆಲ್ಟರ್ ಕಟ್ಸಿ" ಎಂದರು ಟೀಚರ್. ಜಗಳ ಹತ್ತಿಕೊಂಡೇ ಬಿಟ್ಟಿತು. ಹಿಂದಿನಿಂದ ಯಾರೋ, ಬೇಡ ಅಂತಿದ್ದಾರಲ್ಲಪ್ಪ ಇವರು ಎಂದರು. ವಾರಿಜಾ ಹಣೆ ಹಿಡಿದುಕೊಂಡಳು. ಎಲ್ಲ ಮುಗಿಯಿತು ಎಂದುಕೊಂಡಳು.

ಅಷ್ಟರಲ್ಲಿ ಪರಮಶಿವಯ್ಯನವರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು.

"ಟೀಚರ್ ಹೇಳಿದ್ದು ಸರಿ" ಎಂದರು. ಫಿಲೋಮಿನಾ ಟೀಚರ್ ತೆರೆದ ಬಾಯಿ ತೆರೆದೇ ಇತ್ತು. "ವಹಾಬ್ ಹೇಳಿದ್ದೂ ಸರಿ. ಚೌಡಪ್ಪ ಹೇಳಿದ್ದೂ ಸರಿ. ನಾನು ಮೂರಕ್ಕೂ ಒಪ್ತೀನಿ. ಅಧ್ಯಕ್ಷರೇ, ಅದನ್ನ ಮುಚ್ಚಬೇಡಿ. ಮುಚ್ಚಿದ್ರೆ ನಾವು ಸಂಜೆ ಹೊತ್ತು ಎಲ್ಲಿಗೆ ಹೋಗೋದು?"

ಕೊನೆಯ ಮಾತಿಗೆ ಅವರ ದನಿ ಒಡೆಯಿತು. ಜ್ವರ ಬಂದಿದೆಯೇನೋ ಎಂದು ಚೌಡಪ್ಪ ಪರಮಶಿವಯ್ಯನವರ ಹಣೆ ಮುಟ್ಟಿ ನೋಡಿದ. ವಹಾಬ್ ಸಾಬರು ಕನ್ನಡಕ ತೆಗೆದು ಒರೆಸತೊಡಗಿದರು. ಪರಮಶಿವಯ್ಯನವರು ಅಧ್ಯಕ್ಷೆಗೆ ಕೈಮುಗಿದು, "ಇಲ್ಲಿ ಕ್ಯಾಂಟೀನ್ ಎಲ್ಲಿದೆಯಮ್ಮ? ನಾನು ಕಾಫಿ ತರ್ಬೇಕು" ಎಂದು ಹೊರಟೇಹೋದರು.

ವಾಚನಾಲಯ ಉಳಿಯಿತು. ಡಬ್ಬಿಗಳೂ ಉಳಿದವು. ಇನ್ನು ಮುಂದೆ ಕಿವಿ ಯಾವುದನ್ನಾದರೂ ಮುಚ್ಚಬೇಕೆಂದರೆ, ನಗರಸಭೆಯವರೊಬ್ಬರು ಮೊದಲು ಅಲ್ಲಿಗೆ ಹೋಗಿ ನಾಲ್ಕು ದಿನ ಕೂತು ಬರಬೇಕು ಎಂದು ಅಧ್ಯಕ್ಷೆ ಠರಾವು ಮಾಡಿಸಿದರು. ಕಿವಿಗೆ ಹೊಸದಾಗಿ ಪಾಠ ಹೇಳಿಕೊಡುವ ಕೆಲಸ ವಾರಿಜಾಳಿಗೇ ಬಂತು.

ಅಂದು ಸಂಜೆ ವಾರಿಜಾ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು. ಪರಮಶಿವಯ್ಯನವರು ಕಟ್ಟೆಯಿಂದ ಬಂದು ಚಪ್ಪಲಿ ಬಿಟ್ಟರು. ಒಳಗೆ ಹೋಗದೆ ಅವಳ ಹಿಂದೆ ಬಂದು ನಿಂತು, ಪರದೆಯನ್ನು ಬಗ್ಗಿ ನೋಡಿದರು.

"ನಿನ್ನ ಮಿಷನ್ ದಂಡ ಕಣಮ್ಮ" ಎಂದರು.

ವಾರಿಜಾ ತಲೆಯೆತ್ತಿದಳು.

"ಅಲ್ಲ, ಆ ಡಬ್ಬೀನ ಅಷ್ಟು ಮೇಲೆ ಯಾರಾದ್ರೂ ಕಟ್ತಾರಾ? ಬೈಯೋನ ಮಾತು ಮೇಲಕ್ಕೆ ಹೋಗುತ್ತೆ, ಮೆತ್ತಗೆ ಮಾತಾಡೋನ ಮಾತು ಕೆಳಗೇ ಉಳಿಯುತ್ತೆ. ಮೊದಲು ಅದನ್ನ ಕೆಳಗಿಳಿಸು. ಆಮೇಲೆ ಈ ಪರ, ವಿರೋಧ ಅಂತ ಎರಡೇ ಮನೆ ಮಾಡಿದ್ದೀಯಲ್ಲ, ಇದ್ಯಾವ ಬುದ್ಧಿವಂತಿಕೆ? ಟೈಪ್‌ರೈಟರ್‌ನಲ್ಲೇ ಇದಕ್ಕಿಂತ ಹೆಚ್ಚು ಕೀ ಇದ್ವು. ಎಂಜಿನಿಯರಿಂಗ್ ಓದಿ ಇಷ್ಟೂ ಗೊತ್ತಾಗಲ್ವಾ ನಿಂಗೆ?"

"ಅಪ್ಪಾ" ಎಂದು ಶಿವಪ್ರಕಾಶ ಗಾಬರಿಯಿಂದ ಸೌಟು ಹಿಡಿದೇ ಹೊರಗೆ ಬಂದ. ವಾರಿಜಾ ಅವನಿಗೆ ಸುಮ್ಮನಿರಿ ಎಂದು ಕೈ ಮಾಡಿದಳು. ಅವಳ ಕಣ್ಣು ತುಂಬಿಬಂದಿತ್ತು. ಅಷ್ಟು ಸಂತೋಷ ಅವಳಿಗೆ ಕಿವಿ ಮೊದಲ ಮಾತು ಕೇಳಿಸಿಕೊಂಡ ದಿನವೂ ಆಗಿರಲಿಲ್ಲ.

"ಮಾವ, ಕೆಳಗೆ ಕಟ್ಟಿದ್ರೆ ಸ್ಕೂಟರ್ ಹಾರನ್ ಬಿಟ್ರೆ ಬೇರೆ ಏನೂ ಕೇಳಿಸಲ್ಲ" ಎಂದಳು. "ನಿಮಗೆ ಇದೆಲ್ಲ ಏನೂ ಗೊತ್ತಿಲ್ಲ, ಸುಮ್ನಿರಿ."

"ಏನು ಗೊತ್ತಿಲ್ಲ? ಹೇಳು ನೋಡೋಣ" ಎಂದು ಪರಮಶಿವಯ್ಯನವರು ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲೇ ಕೂತರು.